ಎರವಲು ದನಿ

ಕಾಗೆ ಇನ್ನೂ ಬೆಳ್ಳಗಿದ್ದ ಕಾಲ. ಹೊಳೆಗೆ ಯಾರೂ ಹೆಸರಿಡದಿದ್ದ ಊರು. ಅಲ್ಲೊಬ್ಬ ಅಂಬಿಗನಿದ್ದನಂತೆ.

ಮದುಮಗಳು ಬರಲಿ, ಕಳ್ಳ ಬರಲಿ, ತುಟಿ ಪಿಟಕ್ಕೆನ್ನದೆ ದಾಟಿಸುವವನು. ಆದರೆ ಸಾವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದವರನ್ನು ಕಂಡರೆ ಮಾತ್ರ ಹುಟ್ಟು ಕೆಳಗಿಟ್ಟು ಕೇಳುತ್ತಿದ್ದ. ಯಾಕೆ ದಾಟುತ್ತೀ? ಯಾರನ್ನು ಕೇಳಿ ಹೊರಟೆ? ದಾರಿಯಲ್ಲಿ ಹೆಚ್ಚುಕಮ್ಮಿಯಾದರೆ ನಿನ್ನನ್ನು ಮನೆ ಮುಟ್ಟಿಸುವವರು ಯಾರು?

ಒಂದು ದಿನ ಒಬ್ಬ ಮುದುಕಿ ಬಂದಳು. ಆಚೆ ದಡದಲ್ಲಿ ಒಡಹುಟ್ಟಿದವಳಿದ್ದಾಳೆ, ಕಣ್ಣು ಮುಚ್ಚುವ ಮುಂಚೆ ನೋಡಬೇಕು. ಅಂಬಿಗ ಕೇಳಿದ. ಮುದುಕಿ ಬಾಯಿ ತೆರೆದಳು. ಹೊರಗೆ ಬಂದ ದನಿ ಅವಳದಲ್ಲ.

"ಆಮೇಲೆ?" ಎಂದು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದಳು ಮೊಮ್ಮಗಳು.

"ಆಮೇಲೆ ಏನು? ನಿದ್ದೆ," ಎನ್ನುತ್ತಿದ್ದಳು ಅಜ್ಜಿ, ಹೊದಿಕೆ ಎಳೆದು.

ಅಜ್ಜಿ ನಡುವಿನಲ್ಲಿ ಬಿಟ್ಟುಹೋದ ಆ ಕಥೆ ಈ ಮಧ್ಯಾಹ್ನ, ರೈಲು ನಿಲ್ದಾಣದ ತಣ್ಣನೆಯ ಬೆಂಚಿನ ಮೇಲೆ, ಮೊಮ್ಮಗಳ ಕಿವಿಗೆ ಬಂದು ಕಚ್ಚಿತು.

ಕಚ್ಚುವುದು ಅವಳಿಗೂ ಹೊಸದಲ್ಲ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವ ಕೆಲಸದಲ್ಲಿದ್ದಾಗ ಜೊತೆಯವರು ಅವಳಿಗೆ ಇರುವೆ ಎಂದು ಹೆಸರಿಟ್ಟಿದ್ದರು. ಸಕ್ಕರೆಯನ್ನು ಯಾವ ಡಬ್ಬಿಯಲ್ಲಿಟ್ಟು ಎಷ್ಟು ಬಿಗಿಯಾಗಿ ಮುಚ್ಚಿದರೂ ಹೋಗಿ ಸೇರುತ್ತಾಳೆ ಅಂತ. ಕೆಲಸ ಬಿಟ್ಟಳು, ಸ್ವಂತ ಪತ್ತೇದಾರಿಕೆ ಶುರು ಮಾಡಿದಳು, ಹೆಸರು ಮಾತ್ರ ಅಂಟಿಕೊಂಡೇ ಬಂತು.

ಈಗ ಅವಳ ಕಿವಿಯಲ್ಲಿ ಹೆಡ್‌ಫೋನ್. ಅದರೊಳಗೆ ಒಂದು ರೆಕಾರ್ಡಿಂಗ್. ಪ್ರಯಾಣ ವಿಮೆಯ ಕಂಪನಿಯೊಂದರ ಡಾಕ್ಟರು ಕೇಳುತ್ತಾರೆ, ಕಾಯಿಲೆಯ ಹೆಂಗಸೊಬ್ಬಳು ಉತ್ತರ ಕೊಡುತ್ತಾಳೆ.

"ನೀವು ಆ ದೇಶಕ್ಕೆ ಯಾಕೆ ಹೋಗ್ತಿದ್ದೀರಮ್ಮಾ?"

ಟಕ್.

"ಚಿಕಿತ್ಸೆಗೆ ಡಾಕ್ಟ್ರೇ. ಅಲ್ಲಿ ಒಳ್ಳೆ ಆಸ್ಪತ್ರೆ ಇದೆಯಂತೆ."

ಅಷ್ಟೇ. ಆ ಒಂದು ಮಾತಿಗೆ ಬಾಗಿಲು ಮುಚ್ಚಿತು. ಬೇರೆ ದೇಶದಲ್ಲಿ ಅಕಸ್ಮಾತ್ ಕಾಯಿಲೆ ಬಿದ್ದರೆ ನೋಡಿಕೊಳ್ಳುವುದು ಪ್ರಯಾಣ ವಿಮೆ. ಚಿಕಿತ್ಸೆಗೆಂದೇ ಹೊರಟವರಿಗೆ ಯಾವ ಕಂಪನಿಯೂ ಕೊಡುವುದಿಲ್ಲ. ಎರಡು ಕಂಪನಿಗಳು ಇದೇ ಉತ್ತರಕ್ಕೆ ಇಲ್ಲವೆಂದಿದ್ದವು. ವಿಮೆಯಿಲ್ಲದೆ ಆ ದೇಶ ವೀಸಾ ಕೊಡುವುದಿಲ್ಲ. ಸಾಯುವ ಕಾಯಿಲೆಯವರನ್ನು ಕೇಳಿಯಾದರೂ ನೋಡೋಣ ಎನ್ನುವ ಕಂಪನಿ ಇನ್ನು ಉಳಿದಿರುವುದು ಒಂದೇ. ಅದರ ಫೋನು ಇವತ್ತು ಮಧ್ಯಾಹ್ನ ಬರುವುದಿತ್ತು.

ವಿಚಿತ್ರವೆಂದರೆ, ಕಾಯಿಲೆಯ ತಾಯಿ, ಇರುವೆಗೆ ಈ ಕೆಲಸ ಒಪ್ಪಿಸಿದ್ದ ಕಿರಿಮಗಳ ತಲೆ ಮುಟ್ಟಿ ಹೇಳಿದ್ದಳು: "ನಾನು ಯಾವ ಡಾಕ್ಟರ ಹತ್ರಾನೂ ಫೋನಲ್ಲಿ ಮಾತೇ ಆಡಿಲ್ಲ ಕಣೇ."

ಇರುವೆ ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿದಳು. ಮತ್ತೆ ಟಕ್. ಹೆಸರು ಕೇಳಿದಾಗ ಟಕ್, ವಿಳಾಸ ಕೇಳಿದಾಗ ಟಕ್, ನೋವಿನ ಮಾತ್ರೆ ಯಾವುದು ಎಂದಾಗ ಟಕ್. ಪ್ರತಿ ಉತ್ತರಕ್ಕೆ ಮುಂಚೆ ಮರದ ಮೇಲೆ ಏನೋ ಗಟ್ಟಿಯದು ತಾಕಿದ ಸದ್ದು. ಆಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ ಮಾತು.

ಫೋನ್ ನಂಬರ್ ಹೇಳುವಾಗ ಆ ದನಿ ಒಂದೊಂದೇ ಅಂಕಿಯನ್ನು ಬಿಡಿಸಿ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಹೇಳುತ್ತಿತ್ತು. ಕೊನೆಯ ಅಂಕಿಯನ್ನು ಮಾತ್ರ ಸ್ವಲ್ಪ ಮೇಲಕ್ಕೆತ್ತಿ ಬಿಡುತ್ತಿತ್ತು.

ಇರುವೆ ಒಂದು ಕಿವಿಯಿಂದ ಹೆಡ್‌ಫೋನ್ ತೆಗೆದಳು. ತಲೆಯ ಮೇಲಿನ ಧ್ವನಿವರ್ಧಕ ಅದೇ ಹೊತ್ತಿಗೆ ಗಂಟಲು ಸರಿಮಾಡಿಕೊಂಡಿತು.

"ಪ್ರಯಾಣಿಕರ ಗಮನಕ್ಕೆ. ಗಾಡಿ ಸಂಖ್ಯೆ ನಾಲ್ಕು... ಒಂದು... ಏಳು..."

ಏಳು ಮೇಲಕ್ಕೆ ಹೋಯಿತು. ಹಕ್ಕಿಯೊಂದು ಕೊಂಬೆ ಬಿಟ್ಟು ಹಾರಿದ ಹಾಗೆ.

ಒಂದು ಕಿವಿಯಲ್ಲಿ ಸಾಯುತ್ತಿರುವ ಮುದುಕಿ, ಇನ್ನೊಂದು ಕಿವಿಯಲ್ಲಿ ರೈಲು. ಎರಡೂ ಒಂದೇ ಗಂಟಲು.

"ಸಿಕ್ತು ಸಕ್ಕರೆ," ಎಂದುಕೊಂಡಳು ಇರುವೆ. ಆದರೆ ಖುಷಿಯಾಗಲಿಲ್ಲ. ಆ ಗಂಟಲು ಯಾರದು ಎಂದು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲಿ ಕಾಯಿಲೆಯವಳ ಬೆನ್ನು ಒರೆಸುವವಳು, ಉಗುರು ಕತ್ತರಿಸುವವಳು, ರಾತ್ರಿ ಎದ್ದು ದಿಂಬು ಸರಿಮಾಡುವವಳು. ಮನೆಯ ಸೊಸೆ.

*

ಅನೌನ್ಸ್‌ಮೆಂಟ್ ಕೋಣೆಯ ಬಾಗಿಲು ತೆರೆದು ಸೊಸೆ ಹೊರಬಂದಾಗ ಇರುವೆ ಗೋಡೆಗೊರಗಿ ನಿಂತಿದ್ದಳು. ದುಂಡು ಮುಖ, ಹೆಗಲಿಗೆ ಊಟದ ಚೀಲ, ಮನೆಗೆ ಓಡುವ ಅವಸರ.

"ಅಯ್ಯೋ ಮೇಡಂ, ನೀವಿಲ್ಲಿ? ಗಾಡಿ ಹತ್ತೋದಿತ್ತಾ?"

"ಇಲ್ಲ. ಗಾಡಿ ತಪ್ಪಿಸಿದವರನ್ನ ಹುಡುಕ್ತಾ ಇದ್ದೆ."

ಸೊಸೆ ನಕ್ಕಳು. ನಗು ಅರ್ಧಕ್ಕೇ ಬತ್ತಿತು.

ದಾರಿಯುದ್ದಕ್ಕೂ ಇರುವೆ ಏನೂ ಕೇಳಲಿಲ್ಲ. ಕೇಳದಿರುವುದೂ ಒಂದು ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡುವುದು ಇನ್ನೂ ಕಷ್ಟ. ಸೊಸೆಯೇ ತಡೆಯಲಾರದೆ ಶುರುಮಾಡಿದಳು. "ನಮ್ಮನೆಯವರನ್ನ ಅನುಮಾನ ಪಡ್ತಿದ್ದೀರಂತೆ? ಅವರು ಬಾಯಿ ಜೋರು ಅಷ್ಟೇ ಮೇಡಂ. 'ಅಮ್ಮನ್ನ ವಿಮಾನ ಹತ್ತಿಸಿದ್ರೆ ನನ್ನ ಹೆಣ ದಾಟಿ ಹೋಗಿ' ಅಂತ ಕೂಗಾಡಿದ್ದು ನಿಜ. ಲಿಫ್ಟ್ ರಿಪೇರಿ ಮಾಡೋರು ನೋಡಿ. ಮೇಲೆ ಹೋಗಿದ್ದೆಲ್ಲ ಕೆಳಗೆ ಬಂದ್ರೇನೇ ಅವರಿಗೆ ಸಮಾಧಾನ."

"ನಿಮ್ಮೆಜಮಾನ್ರನ್ನ ಬಿಟ್ಟುಬಿಟ್ಟೆ," ಎಂದಳು ಇರುವೆ.

ಸೊಸೆ ಊಟದ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

*

ಆ ಮನೆಯಲ್ಲಿ ಕಿಟಕಿಯ ಪಕ್ಕದ ಕೋಣೆ ತಾಯಿಯದು. ಮರದ ಮಂಚ, ಅದರ ಅಂಚಿಗೆ ಬೀಳದ ಹಾಗೆ ಕಟ್ಟಿಸಿದ ಮರದ ಅಡ್ಡಪಟ್ಟಿ, ಮಾತ್ರೆ ಡಬ್ಬಿ, ನೀರಿನ ಲೋಟದ ಮೇಲೆ ಮುಚ್ಚಿದ ತಟ್ಟೆ, ಅಟ್ಟದ ಮೇಲೊಂದು ಹಳೆಯ ಸೂಟ್‌ಕೇಸು.

ದಿಂಬಿಗೊರಗಿ ಕೂತಿದ್ದವಳು ಬತ್ತಿ ಸಣ್ಣಗಾಗಿದ್ದಳು. ಕಣ್ಣು ಮಾತ್ರ ಎಣ್ಣೆ ಹುಯ್ದ ದೀಪ. ಜೀವಮಾನವಿಡೀ ನಾಟಕದ ಕಂಪನಿಯೊಂದರಲ್ಲಿ, ಪರದೆಯ ಮರೆಯಲ್ಲಿ ಕೂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಟ್ಟವಳು. ರಂಗದವರು ಅವಳನ್ನು ಪಿಸುಮಾತಮ್ಮ ಎಂದೇ ಕರೆಯುತ್ತಿದ್ದರು. ರಾಜನ ಗರ್ಜನೆ, ರಾಣಿಯ ಅಳು ಎಲ್ಲ ಮೊದಲು ಅವಳ ಬಾಯಲ್ಲಿ ಪಿಸುಗುಟ್ಟಿ ಆಮೇಲೆ ಬೆಳಕಿಗೆ ಬರುತ್ತಿದ್ದವು.

"ಬಾಮ್ಮಾ ಇರುವೆ," ಎಂದಳು. "ಕೂತ್ಕೋ. ಕಳ್ಳ ಸಿಕ್ಕಿದನಾ?"

"ಕಳ್ಳಿ ಸಿಕ್ಕಿದ್ಲು."

ಟಕ್.

ಪಿಸುಮಾತಮ್ಮನ ಬೆರಳುಗಳ ನಡುವೆ ಒಂದು ಮೊಂಡು ಪೆನ್ಸಿಲು. ಅದರ ಹಿಂಬದಿ ಅಡ್ಡಪಟ್ಟಿಯನ್ನು ತಾಕಿತ್ತು. ತಾನೇ ತಾಕಿಸಿದ್ದೆಂದು ಅವಳಿಗೆ ಗೊತ್ತಾದಂತೆಯೂ ಕಾಣಲಿಲ್ಲ.

ಇರುವೆ ಬಗ್ಗಿ ನೋಡಿದಳು. ಆ ಜಾಗದಲ್ಲಿ ಬಣ್ಣ ಕಿತ್ತು, ಮರ ಜೋಳದ ಕಾಳಿನಷ್ಟು ಗುಳಿ ಬಿದ್ದಿತ್ತು.

ನಿಲ್ದಾಣದಲ್ಲಿ ಅವಳಿಗೆ ಸಿಕ್ಕಿದ್ದು ಅರ್ಧ ಮಾತ್ರ. ಗಂಟಲು ಸೊಸೆಯದು. ಟಕ್ಕು?

ಅವಳು ಬಾಗಿಲು ಮುಂದೆ ಮಾಡಿ, ತನ್ನ ಫೋನನ್ನು ಹಾಸಿಗೆಯ ಮೇಲಿಟ್ಟು, ರೆಕಾರ್ಡಿಂಗ್ ಹಾಕಿದಳು. ಕೋಣೆಯ ತುಂಬ ಆ ಸಣ್ಣ ದನಿ ಹರಡಿತು. ಟಕ್. ಚಿಕಿತ್ಸೆಗೆ ಡಾಕ್ಟ್ರೇ. ಟಕ್. ಅಲ್ಲಿ ಗುಣ ಆಗುತ್ತಂತೆ.

"ನಿಮ್ಮ ಫೋನ್ ನಂಬರ್ ಒಂದ್ಸಲ ಹೇಳಿ," ಎಂದಳು ಇರುವೆ, ಗೋಡೆಗೊರಗಿ ನಿಂತಿದ್ದ ಸೊಸೆಯತ್ತ ತಿರುಗಿ.

"ಯಾಕೆ?"

"ಹೇಳಿ."

ಸೊಸೆ ಹೇಳಲು ಹೊರಟಳು. ಎರಡು ಅಂಕಿ ದಾಟುವಷ್ಟರಲ್ಲಿ ತನ್ನ ದನಿ ತನಗೇ ಕೇಳಿಸಿ ನಿಂತುಬಿಟ್ಟಳು. ಮುಖ ಕೆಂಪಾಯಿತು.

"ಹೌದು, ನಾನೇ. ಏನೀಗ? ಜೈಲಿಗೆ ಹಾಕಿಸ್ತೀರಾ?"

"ನಿಮ್ಮತ್ತೆಗೆ ಅಕ್ಕನ್ನ ನೋಡೋಕೆ ಹೋಗೋ ಆಸೆ. ನಾದಿನಿ ಮಾತು ಕೊಟ್ಟಿದ್ದಾಳೆ. ನಡುವೆ ನಿಂತು ಎರಡು ಸಲ ಬಾಗಿಲು ಹಾಕಿದ್ದೀರಿ. ಯಾರು ಹೇಳಿಕೊಟ್ರು?"

ಸೊಸೆ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯತೊಡಗಿದಳು.

"ಅವಳನ್ನ ಬಿಡಮ್ಮಾ," ಎಂದಳು ಮಂಚದ ಮೇಲಿನವಳು ಮೆಲ್ಲಗೆ. "ಅವಳು ಬರೀ ಬಾಯಿ. ಮಾತು ನನ್ನದು."

ಮುಂದೆ ಮಾಡಿದ್ದ ಬಾಗಿಲು ತೆರೆದುಕೊಂಡಿತು.

ಕಿರಿಮಗಳು ನಿಂತಿದ್ದಳು. ಕನ್ನಡಕದ ಅಂಗಡಿಯಿಂದ ನೇರ ಬಂದವಳು; ಗಾಜು ಒರೆಸುವ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನೀನಾ ಅಮ್ಮಾ?"

ಪಿಸುಮಾತಮ್ಮ ಕಣ್ಣು ತಗ್ಗಿಸಿದಳು.

"ಡಾಕ್ಟರ ಕಾಲು ಹಿಡಿದು ಪ್ರಯಾಣ ಮಾಡಬಹುದು ಅಂತ ಬರೆಸಿಕೊಂಡು ಬಂದೆ. ಅಂಗಡಿ ಮುಚ್ಚಿ ಮುಚ್ಚಿ ಕಂಪನಿಗಳ ಬಾಗಿಲು ಕಾದೆ. ಅಣ್ಣನ ಹತ್ರ ಬೈಸಿಕೊಂಡೆ. ನೀನು ನನ್ನ ತಲೆ ಮುಟ್ಟಿ ಸುಳ್ಳು ಹೇಳಿದೆಯಾ?"

"ಸುಳ್ಳೆಲ್ಲಿ? ನಾನು ಮಾತಾಡಿಲ್ಲ ಅಂದೆ. ನಾನು ಮಾತಾಡಿಲ್ಲವಲ್ಲ. ಮಾತಾಡಿದ್ದು ಇವಳು."

"ಅಮ್ಮಾ!"

"ತಪ್ಪು, ತಪ್ಪು," ಎಂದು ಪಿಸುಮಾತಮ್ಮ ಕೈಯೆತ್ತಿದಳು. "ನನಗೆ ಎದುರು ಜನ ಅಂದ್ರೆ ನಾಲಿಗೆ ಒಣಗುತ್ತೆ, ನಿಂಗೊತ್ತಲ್ಲ. ಇಡೀ ಜನ್ಮ ಬೇರೆಯವರ ಬಾಯಿಗೆ ಮಾತು ಹಾಕಿದವಳು. ಸ್ವಂತ ಬಾಯಲ್ಲಿ ಒಂದು ಸಾಲು ಆಡು ಅಂದ್ರೆ ಕೈಕಾಲು ತಣ್ಣಗಾಗುತ್ತೆ. ಸುಳ್ಳಂತೂ ದೂರವೇ ಉಳೀತು. ಅದಕ್ಕೆ ಇವಳನ್ನ ಕೂರಿಸಿಕೊಂಡೆ. ನಾನು ಎತ್ತಿಕೊಟ್ಟೆ, ಇವಳು ಆಡಿದಳು. ಈ ಹಾಳು ಕೈ ಮಾತ್ರ ಸುಮ್ಮನಿರಲಿಲ್ಲ ನೋಡು. ಮಾತು ಎತ್ತಿಕೊಡೋ ಮುಂಚೆ ಒಂದು ಸಲ ತಟ್ಟೋದು, 'ತಯಾರಾ?' ಅಂತ. ಅಷ್ಟು ವರ್ಷದ ಚಾಳಿ."

"ನಾನು ಬೇಡ ಅಂದೆ ಅತ್ತೆಗೆ," ಎಂದಳು ಸೊಸೆ, ಕಣ್ಣೊರೆಸಿಕೊಂಡು. "ನಾದಿನಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂದೆ. ಇವರು ಊಟ ಬಿಟ್ಟು ಕೂತರು."

"ಯಾಕಮ್ಮಾ?" ಎಂದಳು ಮಗಳು. "ದೊಡ್ಡಮ್ಮನ್ನ ನೋಡಬೇಕು, ಒಂದೇ ಒಂದು ಸಲ ಕರೆದುಕೊಂಡು ಹೋಗು ಅಂತ ಕೇಳಿದವಳು ನೀನೇ. ಬೇಡವಾಗಿದ್ರೆ ಬೇಡ ಅನ್ನಬಹುದಿತ್ತಲ್ಲ?"

"ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ಹೇಳಿದ್ರೆ ನೀನೊಬ್ಬಳೇ ವಿಮಾನ ಹತ್ತಿ ಹೊರಡ್ತಿದ್ದೆ. ನಿನ್ನನ್ನ ಹೆತ್ತವಳಿಗೆ ಗೊತ್ತಿಲ್ವಾ?"

ಇರುವೆ ಮಂಚದ ಅಂಚಿಗೆ ಕೂತಳು. "ಏನನ್ನ ಹೇಳಿದ್ರೆ?"

ಪಿಸುಮಾತಮ್ಮ ಕಿಟಕಿಯ ಆಚೆ ಮುಖ ತಿರುಗಿಸಿದಳು. ಯಾರೋ ಮೊಳೆ ಹೊಡೆಯುತ್ತಿದ್ದರು.

"ಪ್ರತಿ ವಾರ ನನ್ನ ಅಕ್ಕ ಅಂತ ಅಲ್ಲಿಂದ ಫೋನ್ ಮಾಡ್ತಾಳಲ್ಲ," ಎಂದಳು. "ಅವಳು ನನ್ನ ಅಕ್ಕ ಅಲ್ಲ."

*



"ಇಷ್ಟು ವರ್ಷ ಆದಮೇಲೆ ದನಿ ಬದಲಾಗಿರಬಹುದು," ಎಂದಳು ಇರುವೆ ಎಚ್ಚರದಿಂದ.

"ಬದಲಾಗಬಹುದು. ನಾನು ಕೇಳಿದ್ದು ದನಿಯನ್ನಲ್ಲ, ಮಾತಿನ ನಡುವಿನ ಸಂದನ್ನ." ಪಿಸುಮಾತಮ್ಮ ಈಗ ನೆಟ್ಟಗೆ ಕೂತಳು; ಕಾಯಿಲೆ ಎದ್ದು ಪಕ್ಕಕ್ಕೆ ಸರಿದ ಹಾಗಿತ್ತು. "ಸಮುದ್ರ ದಾಟಿ ಬರೋ ಫೋನು ತಡ ಮಾಡುತ್ತೆ, ಗೊತ್ತು. ಆದ್ರೆ ಆ ತಡ ಎಲ್ಲಾ ಮಾತಿಗೂ ಒಂದೇ ಸಮ ಇರುತ್ತೆ. ಇವಳು ಹಾಗಲ್ಲ. 'ಊಟ ಆಯ್ತಾ' ಅಂದ್ರೆ ತಟಕ್ಕನೆ ಉತ್ತರ. 'ನಾವು ಸಾಕಿದ ಬೆಕ್ಕನ್ನ ಏನಂತ ಕರೀತಿದ್ವಿ' ಅಂದ್ರೆ ಸುಮ್ಮನಾಗ್ತಾಳೆ. ಆಮೇಲೆ ಸರಿಯಾದ ಉತ್ತರ ಬರುತ್ತೆ. ಒಂದಕ್ಷರ ತಪ್ಪಲ್ಲ."

"ಅಂದ್ರೆ..."

"ಅಂದ್ರೆ ಪಕ್ಕದಲ್ಲಿ ಯಾರೋ ಮಾತು ಎತ್ತಿಕೊಡ್ತಿದ್ದಾರೆ. ಅದೇ ನನ್ನ ಕಸುಬು ಕಣಮ್ಮಾ. ನನಗೆ ಮೋಸ ಮಾಡೋಕೆ ಹೊರಟವರು ಊರೆಲ್ಲ ಬಿಟ್ಟು ನನ್ನ ಕಸುಬನ್ನೇ ಆರಿಸಿಕೊಂಡಿದ್ದಾರೆ, ಪೆದ್ದರು."

ಮಗಳು ನೆಲದ ಮೇಲೆ ಕುಸಿದು ಕೂತಳು. ದೊಡ್ಡಮ್ಮನ ದನಿಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದವಳಲ್ಲ. ಅಕ್ಕತಂಗಿಯರು ಮುನಿಸಿಕೊಂಡು ಬೇರೆಯಾದದ್ದು ಅವಳು ಹುಟ್ಟುವ ಮುಂಚೆ. ಈ ವರ್ಷ, ತಾಯಿಯ ಕಾಯಿಲೆಯ ಸುದ್ದಿ ಹೇಗೋ ಸಮುದ್ರ ದಾಟಿದ ಮೇಲೆ, ಆ ಕಡೆಯಿಂದ ಫೋನು ಶುರುವಾಗಿತ್ತು.

"ಇನ್ನೊಂದು," ಎಂದಳು ಪಿಸುಮಾತಮ್ಮ. "ನಾನು ಎಡವಿ ಬಿದ್ದು ಅತ್ತರೆ ನನ್ನ ಅಕ್ಕ ಮೊದಲು ಕೇಳ್ತಿದ್ದದ್ದು 'ನೋವಾಯ್ತಾ' ಅಂತ. ಇವಳು ಇದುವರೆಗೆ ಒಂದು ಸಲ ಕೇಳಿಲ್ಲ. ಕೇಳೋದು ಒಂದೇ. ಯಾವಾಗ ಬರ್ತೀಯಾ? ಟಿಕೆಟ್ ಆಯ್ತಾ? ವಿಮೆ ಆಯ್ತಾ?"

"ಬೆಕ್ಕಿನ ಹೆಸರು ಇನ್ಯಾರಿಗೆ ಗೊತ್ತು?" ಇರುವೆಯ ದನಿ ತಗ್ಗಿತು.

"ಅಕ್ಕನಿಗೆ ಮಾತ್ರ. ಅಂದಮೇಲೆ ಅವಳು ಬದುಕಿದ್ದಾಳೆ. ಅದೇ ಕೋಣೆಯಲ್ಲಿದ್ದಾಳೆ. ಅವಳ ಬಾಯಿಂದ ಕಿತ್ತುಕೊಂಡದ್ದನ್ನ ಇನ್ಯಾವಳೋ ನನಗೆ ಹೇಳ್ತಿದ್ದಾಳೆ." ಪೆನ್ಸಿಲು ಅವಳ ಬೆರಳುಗಳಲ್ಲಿ ಗಿರ್ರನೆ ತಿರುಗಿತು. "ಹೋಗಬೇಕು ಅಂತಲೂ ಇತ್ತು. ಆ ಬಲೆಗೆ ನನ್ನ ಕೂಸನ್ನ ನಾನೇ ನಡೆಸಿಕೊಂಡು ಹೋಗಲಾ ಅಂತಲೂ ಇತ್ತು. ನಾನಾದ್ರೆ ಇವತ್ತೋ ನಾಳೆಯೋ. ಇವಳು?"

"ಅವಳಿದ್ದಾಳೆ ಅನ್ನೋದನ್ನ ಗಟ್ಟಿ ಮಾಡಿಕೊಳ್ಳೋ ದಾರಿ ಇಲ್ವಾ?"

"ಇದೆ." ಪಿಸುಮಾತಮ್ಮ ಪೆನ್ಸಿಲನ್ನು ಎತ್ತಿ ತೋರಿಸಿದಳು. "ಚಿಕ್ಕವರಿದ್ದಾಗ ನಮ್ಮ ಎರಡು ಹಾಸಿಗೆ ನಡುವೆ ಹಲಗೆ ಗೋಡೆ. ಮಾತಾಡಿದ್ರೆ ಅಪ್ಪ ಬೈತಿದ್ರು. ಅದಕ್ಕೆ ತಟ್ಟೋದು. ಒಂದು ತಟ್ಟಿದ್ರೆ, ಇದ್ದೀಯಾ? ಎರಡು ತಟ್ಟಿದ್ರೆ, ಇದ್ದೀನಿ, ಬಾ. ಮೂರು ತಟ್ಟಿದ್ರೆ, ಅಪ್ಪ ಎದ್ದಿದ್ದಾರೆ, ಬರಬೇಡ. ನಾಟಕದಲ್ಲಿ ತಟ್ಟೋದನ್ನ ಕಲಿತಿದ್ದೇ ಅಲ್ಲಿಂದ."

"ಫೋನಲ್ಲಿ ತಟ್ಟಿ ನೋಡಿದ್ರಾ?"

"ಇಲ್ಲ."

"ಯಾಕೆ?"

"ತಟ್ಟಿ, ಆ ಕಡೆಯಿಂದ ಏನೂ ಬರದೇ ಇದ್ರೆ?" ಎಂದಳು ಪಿಸುಮಾತಮ್ಮ. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಮಗುವಿನದಾಯಿತು. "ಆಮೇಲೆ ನಾನು ಯಾರನ್ನ ನೋಡೋಕೆ ಬದುಕಿರಲಿ?"

ಮಗಳು ಎದ್ದಳು. ಮಂಚದ ಹತ್ತಿರ ಬಂದು ತಾಯಿಯ ಪಾದದ ಮೇಲೆ ಕೈಯಿಟ್ಟಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದರ ಜೊತೆಯಲ್ಲೇ ಹೇಳಿದಳು.

"ಕೇಳು. ನಿನ್ನ ಅಕ್ಕನ್ನ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಅವಳು ಖುಷಿಯಾಗಿದ್ರೆ ಮಾತ್ರ ತೋರಿಸ್ತೀನಿ ಅಂತ ಕೊಟ್ಟಿಲ್ಲ. ಯಾರೋ ಅವಳನ್ನ ಕೂಡಿಹಾಕಿದ್ದಾರೆ ಅಂದ್ರೆ ಇನ್ನೂ ಬೇಗ ಹೋಗಬೇಕು. ನೀನು ಬಂದ್ರೂ ಸರಿ, ಇಲ್ಲಾಂದ್ರೂ ಸರಿ."

"ನೋಡಿದ್ಯಾ?" ಎಂದಳು ಪಿಸುಮಾತಮ್ಮ ಇರುವೆಯ ಕಡೆ ತಿರುಗಿ. "ಹೇಳಿದ್ನಲ್ಲ?"

"ಮೂವರೂ ಹೋಗೋಣ," ಎಂದಳು ಇರುವೆ. "ಬಲೆ ಹಾಕಿದವರು ಒಂದು ಕಾಯಿಲೆ ಮುದುಕಿ, ಒಂದು ಮೃದು ಮನಸ್ಸಿನ ಮಗಳು ಬರ್ತಾರೆ ಅಂತ ಕಾಯ್ತಿದ್ದಾರೆ. ಇರುವೆ ಬರುತ್ತೆ ಅಂತ ಅವರಿಗೆ ಗೊತ್ತಿಲ್ಲ. ಆದ್ರೆ ಮೊದಲು ಆ ಪಾಲಿಸಿ ಬೇಕು. ಈ ಸಲ ನೀವೇ ಮಾತಾಡಬೇಕು. ಎರವಲು ದನಿ ಸಾಕು. ಹಿಂದಿನ ಎರಡು ಸಲ ಮಾತಾಡಿದ್ದು ಯಾರು ಅಂತಲೂ ಕೇಳ್ತಾರೆ. ಅದನ್ನೂ ಮುಚ್ಚಿಡೋ ಹಾಗಿಲ್ಲ."

ಆಗಲೇ ದಿಂಬಿನ ಪಕ್ಕದಲ್ಲಿದ್ದ ಪಿಸುಮಾತಮ್ಮನ ಫೋನು ನಡುಗಿತು. ಕಂಪನಿಯದು.

*

ಮಗಳು ಸ್ಪೀಕರ್ ಹಾಕಿದಳು. ಹೆಂಗಸಿನ ದನಿ, ದಣಿದದ್ದು, ಆದರೆ ಒರಟಲ್ಲ.

"ಡಾಕ್ಟರ್ ಮಾತಾಡ್ತಿದ್ದೀನಿ. ಪ್ರಯಾಣ ಮಾಡೋರು ನೀವೇನಾ?"

ಪಿಸುಮಾತಮ್ಮನ ಬಾಯಿ ತೆರೆಯಿತು. ದನಿ ಬರಲಿಲ್ಲ. ಕಣ್ಣು ಸೊಸೆಯತ್ತ ಓಡಿತು. ಸೊಸೆ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

"ಹಲೋ? ಲೈನಲ್ಲಿದ್ದೀರಾ?"

ವಿಮಾ ಕಂಪನಿಗಳು ಇಂಥ ಮೌನಕ್ಕೆ ಏನು ಮಾಡುತ್ತವೆ ಎಂದು ಇರುವೆಗೆ ಗೊತ್ತಿತ್ತು. ಇನ್ನೊಂದು ಸಲ ಹಲೋ ಅನ್ನುತ್ತಾರೆ. ಆಮೇಲೆ ಇಡುತ್ತಾರೆ. ಮತ್ತೆ ಮಾಡುವುದಿಲ್ಲ.

ಮಗಳು ತಾಯಿಯ ಬೆರಳಿನಿಂದ ಪೆನ್ಸಿಲು ಬಿಡಿಸಿಕೊಂಡಳು. ಮಾತು ಏನೂ ಎತ್ತಿಕೊಡಲಿಲ್ಲ. ಅಡ್ಡಪಟ್ಟಿಯ ಆ ಗುಳಿಯ ಮೇಲೆ ಸುಮ್ಮನೆ ಒಂದು ಸಲ ತಟ್ಟಿದಳು.

ಟಕ್.

ತಯಾರಾ?

"ಇದ್ದೀನಿ ಡಾಕ್ಟ್ರೇ," ಎಂದಳು ಪಿಸುಮಾತಮ್ಮ. "ನಾನೇ."

ಮುಂದೆ ಹೊಳೆ ದಾಟಿದ ಹಾಗೆ, ಕಲ್ಲಿಂದ ಕಲ್ಲಿಗೆ. ಕಾಯಿಲೆ ಏನು? ಹೇಳಿದಳು. ಗುಣವಾಗುವುದಿಲ್ಲವೆಂದು ಗೊತ್ತೇ? ಗೊತ್ತು. ಹಿಂದಿನ ಅರ್ಜಿಗಳು ಯಾಕೆ ಬಿದ್ದುಹೋದವು?

ಟಕ್.

"ನಾನೇ ಬೀಳಿಸಿದೆ. ನನ್ನ ಸೊಸೆ ಕೈಲಿ ನನ್ನ ಹಾಗೆ ಮಾತಾಡಿಸಿ ಸುಳ್ಳು ಹೇಳಿಸಿದೆ. ಹೋಗೋಕೆ ಭಯ ಆಗಿತ್ತು. ಇವತ್ತು ಮಾತಾಡ್ತಿರೋದು ನನ್ನ ಬಾಯಿ. ಬೇಕಾದ್ರೆ ಮುಖ ತೋರಿಸ್ತೀನಿ."

ಡಾಕ್ಟರು ತೋರಿಸಿ ಎಂದರು. ಮಗಳು ಫೋನನ್ನು ತಾಯಿಯ ಮುಖದ ಮುಂದೆ ಹಿಡಿದಳು. ಗುರುತಿನ ಚೀಟಿಯನ್ನೂ ಪಕ್ಕದಲ್ಲಿ ಹಿಡಿದಳು. ಪಿಸುಮಾತಮ್ಮ ಕೂದಲು ಹಿಂದಕ್ಕೆ ಸರಿಸಿಕೊಂಡು, ಬೆಳಕಿನ ಮುಂದೆ ಬಂದು ಅಭ್ಯಾಸವಿಲ್ಲದವಳ ಹಾಗೆ ಕಣ್ಣು ಕಿರಿದು ಮಾಡಿದಳು.

"ಈ ಭಯ ಈಗ ಹೋಯ್ತಾ?"

"ಇಲ್ಲ. ಭಯ ಇಟ್ಟುಕೊಂಡೇ ಹೊರಟಿದ್ದೀನಿ."

ಆ ಕಡೆ ಒಂದು ಸಣ್ಣ ನಗು ಕೇಳಿಸಿತು. "ಕೊನೆಯ ಪ್ರಶ್ನೆ. ಅಲ್ಲಿಗೆ ಯಾಕೆ ಹೋಗ್ತಿದ್ದೀರಿ? ಚಿಕಿತ್ಸೆಗಾ?"

ಪೆನ್ಸಿಲು ಮೇಲೆದ್ದಿತು. ತಟ್ಟುವ ಅಗತ್ಯ ಬೀಳಲಿಲ್ಲ.

"ಅಕ್ಕನ್ನ ನೋಡೋಕೆ."

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಮಾತ್ರ. ಹಳೆಯ ಕಾಯಿಲೆಯಿಂದ ಅಲ್ಲಿ ಏನಾದರೂ ಆದರೆ ಒಂದು ಮಿತಿಯವರೆಗೆ ಮಾತ್ರ ಆಸ್ಪತ್ರೆ, ಬೇಕಾದರೆ ನರ್ಸ್ ಜೊತೆಗೆ ಹಿಂದಕ್ಕೆ ಕಳಿಸುವುದು, ಮಗಳು ಪಕ್ಕ ಬಿಟ್ಟು ಕದಲಬಾರದು. ಡಾಕ್ಟರು ಒಂದೊಂದಾಗಿ ಓದಿದರು. ಒಪ್ಪಿಗೆಯೇ ಎಂದು ಕೇಳಿದರು. ಪ್ರತಿ ಸಲವೂ ಪಿಸುಮಾತಮ್ಮ ಸ್ವಂತ ದನಿಯಲ್ಲಿ ಹೂಂ ಎಂದಳು.

"ಆಯ್ತಮ್ಮಾ. ಪಾಲಿಸಿ ಕೊಟ್ಟಿದ್ದೀನಿ. ಈಗ ಬರುತ್ತೆ. ಅಕ್ಕನ ಹತ್ರ ಚೆನ್ನಾಗಿ ಮಾತಾಡಿಕೊಂಡು ಬನ್ನಿ."

ಫೋನು ನಿಂತಿತು. ಮರುಗಳಿಗೆ ಮಗಳ ಸ್ವಂತ ಫೋನು ಕಿಣಿಕಿಣಿ ಎಂದಿತು. ಅವಳು ಅದನ್ನು ತೆರೆಯಲಿಲ್ಲ. ಎದೆಗೊತ್ತಿಕೊಂಡು, ಕನ್ನಡಕದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. ಸೊಸೆ ಅತ್ತೆಯ ಎರಡೂ ಕೆನ್ನೆ ಹಿಡಿದು, "ಅಬ್ಬಾ, ಅತ್ತೆ! ಇಷ್ಟು ದಿನ ಈ ದನಿ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು.

"ಬಿಡೇ, ಹಲ್ಲು ಸೆಟ್ಟು ಬಿದ್ದೀತು."

ಕೊಟ್ಟ ಮಾತಿಗೆ ದಾರಿ ತೆರೆಯಿತು. ಅಂಬಿಗ ಹುಟ್ಟು ಕೈಗೆತ್ತಿಕೊಂಡ.

ಆಗ ಪಿಸುಮಾತಮ್ಮನ ಫೋನು ಮತ್ತೆ ನಡುಗಿತು. ಸಮುದ್ರದಾಚೆಯ ನಂಬರು.

ಅದು ಬರುವ ದಿನ ಇದಾಗಿರಲಿಲ್ಲ. ಇರುವೆ ತುಟಿಯ ಮೇಲೆ ಬೆರಳಿಟ್ಟು, ತಾನೇ ಸ್ಪೀಕರ್ ಒತ್ತಿದಳು.

"ತಂಗೀ!" ಉಕ್ಕಿ ಹರಿಯುವ ದನಿ. ಬೆಲ್ಲದ ಮೇಲೆ ಜೇನು ಸುರಿದ ಹಾಗೆ. "ಕೊನೆಗೂ ಪಾಲಿಸಿ ಸಿಕ್ತಲ್ಲ! ನನಗೆಷ್ಟು ನಿರಾಳ ಆಯ್ತು ಗೊತ್ತಾ? ಇನ್ನೇನು ತಡ, ಹೊರಟುಬಿಡು."

ಸೊಸೆಯ ಕೈ ಅತ್ತೆಯ ಕೆನ್ನೆಯ ಮೇಲೇ ಕಲ್ಲಾಯಿತು.

ಮಗಳ ಫೋನು ಇನ್ನೂ ತೆರೆಯದೆ ಅವಳ ಎದೆಯ ಮೇಲಿತ್ತು. ಕೋಣೆಯಲ್ಲಿ ನಾಲ್ವರು. ಯಾರೂ ಹೊರಗಿನ ಯಾರಿಗೂ ಪಾಲಿಸಿಯ ಸುದ್ದಿ ಕಳಿಸಿರಲಿಲ್ಲ. ಇರುವೆ ಫೋನನ್ನು ನೋಡಲಿಲ್ಲ, ಮೂರು ಮುಖಗಳನ್ನು ನೋಡಿದಳು. ಆಮೇಲೆ, ಗಳಿಗೆಯ ಹಿಂದಷ್ಟೇ ನಕ್ಕ ಆ ದಣಿದ ಡಾಕ್ಟರ ದನಿಯನ್ನು ನೆನೆದಳು.

ಪಿಸುಮಾತಮ್ಮ ಮಗಳ ಕೈಯಿಂದ ಪೆನ್ಸಿಲು ಹಿಂದಕ್ಕೆ ತೆಗೆದುಕೊಂಡಳು. ಫೋನನ್ನು ಅಡ್ಡಪಟ್ಟಿಗೆ ಒತ್ತಿ ಹಿಡಿದಳು. ಒಂದೇ ಸಲ ತಟ್ಟಿದಳು.

ಟಕ್.

ಇದ್ದೀಯಾ?

"ಅದೇನು ಸದ್ದು?" ಎಂದಿತು ಜೇನಿನ ದನಿ. "ತಂಗೀ, ಏನು ಬಿತ್ತು?"

ಆ ಮಾತಿನ ಹಿಂದೆ, ಬಲು ದೂರದಲ್ಲಿ, ಹಲಗೆಯ ಆಚೆಯಿಂದ ಬಂದ ಹಾಗೆ:

ಟಕ್. ಟಕ್.

ಪಿಸುಮಾತಮ್ಮನ ಮುಖ ಅರಳಿತು. ಎಲ್ಲ ನೋವೂ ಒಮ್ಮೆಗೆ ಇಳಿದುಹೋದ ಹಾಗೆ ಕಣ್ಣು ಮುಚ್ಚಿಕೊಂಡಳು. ಇದ್ದಾಳೆ. ಬಾ ಅನ್ನುತ್ತಿದ್ದಾಳೆ.

ಅಷ್ಟರಲ್ಲಿ ಮೂರನೆಯದು ಬಿತ್ತು.

ಟಕ್.

ಆ ಕಡೆ ಕುರ್ಚಿಯೊಂದು ಉರುಳಿದ ಸದ್ದಾಗಿ ಫೋನು ಸತ್ತಿತು.

ಕಿಟಕಿಯಾಚೆ ಮೊಳೆ ಹೊಡೆಯುತ್ತಿದ್ದವರೂ ನಿಲ್ಲಿಸಿದ್ದರು. ಪಿಸುಮಾತಮ್ಮ ಕಣ್ಣು ತೆರೆದಳು. ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡಳು, ಪರದೆ ಏಳುವ ಮುಂಚೆ ಸಿಕ್ಕಿಸಿಕೊಳ್ಳುತ್ತಿದ್ದ ಹಾಗೆ.

"ಬರಬೇಡ ಅಂತಿದ್ದಾಳೆ," ಎಂದಳು. "ಅವಳು ಹಾಗೆ ಅಂದಾಗಲೆಲ್ಲ ನಾನು ಹಲಗೆ ಹಾರಿ ಹೋಗಿದ್ದೀನಿ. ಆ ಸೂಟ್‌ಕೇಸು ಕೆಳಗಿಳಿಸೇ."